ಪರಂಗಿಕಾಯಿ, ಮೊಸರು, ಬರೀ ಉಪ್ಪು: ಬಲಿತ ಬಾಡು ಯಾವುದಕ್ಕೆ ಬಗ್ಗುತ್ತೆ?

ಹೋದ ಭಾನುವಾರ ಮಂಡ್ಯದ ನಮ್ಮನೆಗೆ ಒಂದೂವರೆ ಕೆಜಿ ಬಾಡು ಬಂತು. ಬನ್ನೂರು ಮರಿ ಅಂತ ಹೇಳಿ ಕೊಟ್ಟಿದ್ದರು. ತೊಳೆದು ನೋಡಿದರೆ ಎಳೆ ದಪ್ಪ, ಬಣ್ಣ ಕಡುಗೆಂಪು. ಮರಿಯಲ್ಲ, ಚೆನ್ನಾಗಿ ಬಲಿತ ಕುರಿ. "ಪರಂಗಿಕಾಯಿ ಅರೆದು ಹಚ್ಚು" ಅಂದರು ಅಮ್ಮ. "ಮೊಸರಲ್ಲಿ ನೆನೆಸಿದ್ರೆ ಸಾಕಲ್ವಾ?" ಅಂದರು ಅತ್ತಿಗೆ. ನಾನು ಮುಂಗಾಲಿನ ತುಂಡುಗಳನ್ನು ಮೂರು ಪಾಲು ಮಾಡಿ, ಮೂರನೆಯದಕ್ಕೆ ಬರೀ ಉಪ್ಪು ಸವರಿದೆ. ಮಸಾಲೆ ಯಾವುದಕ್ಕೂ ಇಲ್ಲ, ಅರಿಶಿನ, ನೀರು ಅಷ್ಟೆ.

ಪರಂಗಿಕಾಯಿಯಲ್ಲಿ ಪಪೈನ್ ಅನ್ನುವ ಕಿಣ್ವ ಇದೆ, ಪ್ರೋಟೀನನ್ನು ಕತ್ತರಿಸುತ್ತೆ. ಬಿಸಿ ಏರಿದ ಹಾಗೆ ಅದಕ್ಕೆ ಹುರುಪು ಜಾಸ್ತಿ, 60–70 ಡಿಗ್ರಿಯಲ್ಲಂತೂ ಹಿಡಿಯೋಕಾಗಲ್ಲ. ಕುದಿ ಬಂದ ಮೇಲೆ ಸತ್ತುಹೋಗುತ್ತೆ. ನಾನು ಸಿಪ್ಪೆ ಸಮೇತ ಅರೆದು ಒಂದು ಗಂಟೆ ಬಿಟ್ಟು, ಸಣ್ಣ ಉರಿಯಲ್ಲಿ ಇಟ್ಟಿದ್ದೆ. ಮುಕ್ಕಾಲು ಗಂಟೆಗೆ ಒಂದು ತುಂಡು ಒತ್ತಿ ನೋಡಿದೆ. ಹೊರಗೆ ನುಣ್ಣಗೆ ಹಿಟ್ಟು, ಒಳಗೆ ಇನ್ನೂ ಗಟ್ಟಿ. ಕಿಣ್ವ ಒಳಗೆ ಇಳಿಯೋದೇ ಇಲ್ಲ. ಜೊತೆಗೆ ಒಂದಿಷ್ಟು ಕಹಿ. ಅಮ್ಮ ಮಾತ್ರ "ಬೆಂದಿದೆ ಬಿಡು" ಅಂದರು.

ಮೊಸರಿನದು ಹೇಳಿಕೊಳ್ಳುವಂಥದ್ದೇನಿಲ್ಲ. ಮೂರು ಗಂಟೆ ನೆನೆದರೂ ಹುಳಿ ಮೇಲ್ಪದರ ದಾಟಲಿಲ್ಲ. ರುಚಿ ಚೆನ್ನಾಗಿತ್ತು, ಅಗಿಯೋಕೆ ಹಲ್ಲು ಬೇಕಿತ್ತು.

ಉಪ್ಪಿನದು ಅರ್ಧ ಗಂಟೆಗೆ ನೋಡಿದಾಗ ನನಗೇ ಭಯ ಆಯ್ತು. ತುಂಡು ಮುದುಡಿ ರಬ್ಬರಾಗಿತ್ತು. ಹಸಿ ಬಾಡಿನಲ್ಲಿ ಮುಕ್ಕಾಲು ಪಾಲು ನೀರೇ. 60 ಡಿಗ್ರಿ ದಾಟಿದ ಮೇಲೆ ಎಳೆಗಳನ್ನು ಸುತ್ತಿಕೊಂಡಿರುವ ಕೊಲಾಜನ್, ನಾವು ನರ, ಪೊರೆ ಅಂತೀವಲ್ಲ ಅದು, ಕುಗ್ಗಿ ಆ ನೀರನ್ನು ಹಿಂಡಿ ಹಾಕುತ್ತೆ. ಕುರಿಗೆ ವಯಸ್ಸಾದಷ್ಟೂ ಕೊಲಾಜನ್‌ನ ಹೆಣಿಗೆ ಬಿಗಿ. ಇಲ್ಲೇ ಎಷ್ಟೋ ಜನ ತಾಳ್ಮೆ ಕಳೆದುಕೊಂಡು ಉರಿ ಜೋರು ಮಾಡೋದು. ನಾನು ಸುಮ್ನೆ ಮುಚ್ಚಿ ಬಿಟ್ಟೆ. ಎರಡು ಗಂಟೆ ಹೊತ್ತಿಗೆ ಅದೇ ನರ ಕರಗಿ ಜೆಲಟಿನ್ ಆಗಿತ್ತು, ತಣ್ಣಗಾದರೆ ಜೆಲ್ಲಿ ಥರ ಕಟ್ಟಿಕೊಳ್ಳುತ್ತಲ್ಲ ಆ ಅಂಟು. ಮೂಳೆ ಹಿಡಿದು ಎತ್ತಿದರೆ ಬಾಡು ತಾನೇ ಜಾರಿತು. ಎಳೆ ಎಳೆಯಾಗಿ ಬಿಡಿಸಬಹುದು, ಆದರೆ ಹಿಟ್ಟಲ್ಲ. ತಿಂದ ಮೇಲೆ ತುಟಿ ಒಂದಕ್ಕೊಂದು ಅಂಟುತ್ತಿತ್ತು. ಮುದ್ದೆಗೆ ಇದೇ ಸರಿ. (ಗ್ಯಾಸ್ ಉಳಿಸಬೇಕು ಅಂದರೆ ಕುಕ್ಕರ್ ಇದೆ. ಒಳಗೆ ಸುಮಾರು 120 ಡಿಗ್ರಿ, ಇದೇ ಕೆಲಸ ಬೇಗ ಮುಗಿಯುತ್ತೆ.)

ಉಪ್ಪಿನ ಪಾಲು ಬೆಂದು ಉಳಿದ ನೀರನ್ನು ರಾತ್ರಿ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ನೋಡಿದ ಅಮ್ಮ "ಎಷ್ಟು ಕೊಬ್ಬು ಕಟ್ಟಿದೆ ನೋಡು" ಅಂದರು. ಕೊಬ್ಬು ಮೇಲಿನ ತೆಳು ಬಿಳಿ ಪದರ ಮಾತ್ರ. ಚಮಚದಲ್ಲಿ ಅದನ್ನು ಸರಿಸಿ ಪಾತ್ರೆ ಅಲ್ಲಾಡಿಸಿ ತೋರಿಸಿದೆ. ಕೆಳಗಿನದು ಅದೇ ಜೆಲಟಿನ್, ಕಂದು ಬಣ್ಣದಲ್ಲಿ ಗಡಗಡ ನಡುಗಿತು. ಒಲೆ ಮೇಲಿಟ್ಟ ಎರಡೇ ನಿಮಿಷಕ್ಕೆ ಮತ್ತೆ ನೀರು.