ಊರೆಲ್ಲ ಹೊಗಳುವ ಇಟಾಲಿಯನ್ ಹೋಟೆಲಿನಲ್ಲಿ ನಮಗೆ ಸಿಕ್ಕ ಊಟ

ಚಿಕ್ಕಮಗಳೂರಿನಲ್ಲಿ ಇಟಾಲಿಯನ್ ಊಟ ಎಲ್ಲಿ ಚೆನ್ನಾಗಿರುತ್ತದೆ ಎಂದು ಕೇಳಿದರೆ ಈಗ ಹೆಚ್ಚಿನವರು ಒಂದೇ ಹೋಟೆಲಿನ ದಾರಿ ತೋರಿಸುತ್ತಾರೆ. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸುತ್ತಿ ಇಳಿದು ಬರುವ ಬೆಂಗಳೂರಿನ ಪ್ರವಾಸಿಗರಿಂದ ಹಿಡಿದು, ಮಕ್ಕಳ ಹುಟ್ಟುಹಬ್ಬಕ್ಕೆಂದು ಮೊದಲೇ ಮೇಜು ಕಾಯ್ದಿರಿಸುವ ಊರಿನ ಕುಟುಂಬಗಳವರೆಗೆ ಎಲ್ಲರೂ ಅಲ್ಲಿ ಕಾದು ನಿಂತು ಉಣ್ಣುತ್ತಾರೆ. ನಾವೂ ಕಳೆದ ಕೆಲವು ತಿಂಗಳಲ್ಲಿ ಬೇರೆ ಬೇರೆ ಸಂದರ್ಭಗಳಲ್ಲಿ, ಜನ ಕಡಿಮೆಯಿರುವ ಮಧ್ಯಾಹ್ನಗಳಲ್ಲೂ ಕಿಕ್ಕಿರಿದ ಶನಿವಾರದ ರಾತ್ರಿಯಲ್ಲೂ, ಅಲ್ಲಿಗೆ ಹೋಗಿದ್ದೇವೆ. ಒಮ್ಮೆ ಅಡುಗೆ ಕೆಟ್ಟರೆ ಗದ್ದಲದಲ್ಲಿ ಹಾಗಾಯಿತೆಂದು ಬಿಟ್ಟುಬಿಡಬಹುದು. ಹೋದಾಗಲೆಲ್ಲ ಅವೇ ಲೋಪಗಳು ಕಂಡರೆ ಅಡುಗೆಮನೆಯ ಪದ್ಧತಿಯೇ ಹಾಗಿದೆ ಎಂದು ತಿಳಿಯಬೇಕಾಗುತ್ತದೆ. ಹೋಟೆಲಿನ ಹೆಸರನ್ನು ಬಿಟ್ಟು, ಎಲೆಗೆ ಬಂದ ಅಡುಗೆಯ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ.

ಮಲೆನಾಡಿನ ಊರೊಂದರಲ್ಲಿ ನೇಪಲ್ಸ್ ಸುತ್ತಮುತ್ತ ಬೆಳೆದ ಟೊಮೆಟೊ, ಎರಡು ವರ್ಷ ಮಾಗಿಸಿದ ಚೀಸ್ ಬೇಕೆಂಬ ಹಟ ನನಗಿಲ್ಲ. ನಮ್ಮವರ ನಾಲಿಗೆಗೆ ಹಿಡಿಸಲೆಂದು ಖಾರ ಒಂದಿಷ್ಟು ಹೆಚ್ಚಿಸಿದರೂ, ಪೆಸ್ಟೊ ಎಂಬ ಸೊಪ್ಪಿನ ಚಟ್ನಿಗೆ ಪೈನ್ ಬೀಜದ ಬದಲು ಗೋಡಂಬಿ ಅರೆದು ಹಾಕಿದರೂ ತಕರಾರಿಲ್ಲ. ನೀರು, ಉಪ್ಪು, ಬೆಂಕಿ, ಸಮಯ, ಈ ನಾಲ್ಕರಲ್ಲಿ ತೋರಿದ ಅಲಕ್ಷ್ಯ ನನಗೆ ಬೇಸರ ತಂದಿದೆ. ಇಟಲಿಯ ಮನೆಯಡುಗೆಯಲ್ಲಿ ಒಂದು ತಿನಿಸಿಗೆ ಬೀಳುವ ಸಾಮಾನು ಬಹಳ ಕಡಿಮೆ. ನಾಲ್ಕೈದು ಪದಾರ್ಥದಲ್ಲೇ ರುಚಿ ಹೊರಬರಬೇಕು. ಮಸಾಲೆಯ ಹಿಂದೆ ತಪ್ಪನ್ನು ಅಡಗಿಸಲು ಅಲ್ಲಿ ಜಾಗವಿಲ್ಲದ್ದರಿಂದ ಅಡುಗೆಯವರ ಗಮನವೇ ಮುಖ್ಯ.

ಪಾಸ್ತಾವನ್ನೇ ನೋಡೋಣ. ಒಣ ಪಾಸ್ತಾ ತಯಾರಾಗುವುದು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದ. ಹದವಾಗಿ ಬೆಂದರೆ ಅದು ಹೊರಗೆ ಮೆತ್ತಗಾಗಿ, ಕಚ್ಚಿದಾಗ ನಡುವೆ ಸ್ವಲ್ಪ ಗಟ್ಟಿಯಾಗಿ ಹಲ್ಲಿಗೆ ಸಿಗುತ್ತದೆ. ಇದಕ್ಕೆ ಅಲ್ಲಿನವರು ಇಟ್ಟುಕೊಂಡಿರುವ ಲೆಕ್ಕ 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು ಮತ್ತು 10 ಗ್ರಾಂನಷ್ಟು ಉಪ್ಪು. ನೀರು ಕಡಿಮೆಯಾದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ; ಬೇಯುವ ನೀರಿನಲ್ಲೇ ಉಪ್ಪು ಇಲ್ಲದಿದ್ದರೆ ಆಮೇಲೆ ಮೇಲೆ ಎಷ್ಟು ಉದುರಿಸಿದರೂ ಒಳಗೆ ಸಪ್ಪೆಯೇ ಉಳಿಯುತ್ತದೆ. ನಾವು ತರಿಸಿದ್ದು ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿ ಮಾತ್ರ ಹಾಕಿ ಮಾಡುವ ಸ್ಪಗೆಟಿ ಆಲ್ಯೊ ಎ ಓಲಿಯೊ. ಫೋರ್ಕಿಗೆ ಸುತ್ತಿಕೊಳ್ಳುವ ಮೊದಲೇ ಎಳೆಗಳು ತುಂಡಾಗಿ ಬಿದ್ದವು. ಬೆಳ್ಳುಳ್ಳಿ ಅಂಚಿನಲ್ಲಿ ಕರಕಲಾಗುವಷ್ಟು ಕಪ್ಪಾಗಿ ಕಹಿ ಬಿಟ್ಟಿತ್ತು. ತಟ್ಟೆಯನ್ನು ಸ್ವಲ್ಪ ಓರೆ ಮಾಡಿದರೆ ಒಂದು ಕಡೆ ನೀರೂ ಇನ್ನೊಂದು ಕಡೆ ಎಣ್ಣೆಯೂ ಬೇರೆ ಬೇರೆಯಾಗಿ ಹರಿದು ನಿಂತವು.

ಎಣ್ಣೆ ಮತ್ತು ನೀರು ಹೀಗೆ ಬೇರೆಯಾಗದಂತೆ ತಡೆಯುವುದು ಪಾಸ್ತಾ ಬೆಂದ ನೀರಿನಲ್ಲಿರುವ ಪಿಷ್ಟ. ಒಂದು ಸೌಟು ಆ ನೀರನ್ನು ಬಾಣಲೆಗೆ ಸೇರಿಸಿ, ಪಾಸ್ತಾ ಹಾಕಿ ಜೋರಾಗಿ ಕೈಯಾಡಿಸಿದರೆ ಎಣ್ಣೆಯೂ ನೀರೂ ಕೂಡಿ ತೆಳ್ಳಗಿನ ಸಾಸ್ ಆಗಿ ಎಳೆಗೆ ಹತ್ತುತ್ತದೆ. ಇದಕ್ಕೆ ಖರ್ಚೇನೂ ಇಲ್ಲ, ಆದರೆ ಆರ್ಡರ್ ಬಂದ ಮೇಲೆ ಪಾಸ್ತಾ ಬೇಯಿಸಬೇಕು. ಸಪ್ಲೈ ಮಾಡುತ್ತಿದ್ದ ಹುಡುಗನನ್ನು ಕೇಳಿದಾಗ ಅವನು ಏನನ್ನೂ ಮುಚ್ಚಿಡದೆ, "ಬೆಳಿಗ್ಗೆನೇ ಎಲ್ಲ ಬೇಯ್ಸಿ ಎಣ್ಣೆ ಸವರಿ ಫ್ರಿಜ್ಜಲ್ಲಿ ಇಟ್ಟಿರ್ತಾರೆ ಸರ್, ಆರ್ಡರ್ ಬಂದ್ಮೇಲೆ ಬಿಸಿನೀರಲ್ಲಿ ಅದ್ದಿ ಕೊಡೋದು" ಎಂದ. ಜನ ಹೆಚ್ಚಿರುವ ಹೋಟೆಲಿನಲ್ಲಿ ಪಾಸ್ತಾವನ್ನು ಮುಕ್ಕಾಲು ಪಾಲು ಬೇಯಿಸಿಟ್ಟುಕೊಳ್ಳುವುದು ಎಲ್ಲ ಕಡೆಯೂ ಉಂಟು, ಅದನ್ನು ತಪ್ಪೆನ್ನಲಾರೆ. ಇಲ್ಲಿ ಪೂರ್ತಿ ಬೇಯಿಸಿಟ್ಟದ್ದನ್ನೇ ಮತ್ತೆ ಬೇಯಿಸುತ್ತಾರೆ. ಮೇಲೆ ಸವರಿದ ಎಣ್ಣೆಯಿಂದ ಸಾಸ್ ಜಾರಿ ತಟ್ಟೆಯ ತಳ ಸೇರುತ್ತದೆ. ಆ ತಟ್ಟೆಗೆ 390 ರೂಪಾಯಿ.

ಕಾರ್ಬೊನಾರಾದ ಕಥೆ ಇನ್ನೂ ಬೇಸರದ್ದು. ರೋಮ್ ನಗರದ ಆ ತಿನಿಸಿನಲ್ಲಿ ಮೊಟ್ಟೆ, ಕುರಿಹಾಲಿನ ಪೆಕೊರಿನೊ ಚೀಸ್, ಉಪ್ಪಿನಲ್ಲಿ ಹದಮಾಡಿದ ಹಂದಿಯ ಕೆನ್ನೆಯ ಮಾಂಸ ಮತ್ತು ಕಾಳುಮೆಣಸು ಇರುತ್ತವೆ, ಕೆನೆ ಹಾಕುವುದಿಲ್ಲ. ಬಿಸಿ ಪಾಸ್ತಾದ ಶಾಖಕ್ಕೇ ಮೊಟ್ಟೆ ಗಟ್ಟಿಯಾಗುತ್ತ ಸಾಸ್ ಆಗಬೇಕು, ಉರಿಯ ಮೇಲೆ ಇಟ್ಟರೆ ಒಡೆದುಹೋಗುತ್ತದೆ. ಹಂದಿಮಾಂಸದ ಬದಲು ಇಲ್ಲಿ ಕೋಳಿ ಹಾಕಿರುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ನಮ್ಮ ಮುಂದೆ ಬಂದದ್ದು ಹಾಲು, ಬೆಣ್ಣೆ, ಮೈದಾದ ವೈಟ್ ಸಾಸ್. ಮೊಟ್ಟೆಯ ಸುಳಿವೇ ಇರಲಿಲ್ಲ. ಇನ್ನೊಂದು ದಿನ ತರಿಸಿದ ಆಲ್ಫ್ರೆಡೊ ಪಾಸ್ತಾದಲ್ಲೂ, ಲಸಾನ್ಯದ ಪಾಸ್ತಾ ಪದರಗಳಲ್ಲೂ, ಅಕ್ಕಿಯಿಂದ ಮಾಡುವ ಅಣಬೆ ರಿಸೊಟ್ಟೊದಲ್ಲೂ ಅದೇ ಸಾಸ್ ಇತ್ತು. ಮೈದಾವನ್ನು ಬೆಣ್ಣೆಯಲ್ಲಿ ಸಾಕಷ್ಟು ಹುರಿಯದೆ ಹಾಲು ಸುರಿದಾಗ ಉಳಿಯುವ ಹಸಿವಾಸನೆ ಎಲ್ಲದರಲ್ಲೂ ಒಂದೇ ತೆರನಾಗಿತ್ತು. ಮೆನುವಿನಲ್ಲಿ ಪ್ರತ್ಯೇಕ ಹೆಸರು, ಪ್ರತ್ಯೇಕ ಬೆಲೆ ಇರುವ ನಾಲ್ಕು ತಿನಿಸುಗಳನ್ನು ಕಣ್ಣು ಮುಚ್ಚಿ ತಿಂದರೆ ಬೇರೆ ಬೇರೆಯೆಂದು ಹೇಳಲಾಗದು.

ಕಾಳುಮೆಣಸಿನ ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಈ ಜಿಲ್ಲೆಯ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ ಇಲ್ಲದ ತೋಟ ಅಪರೂಪ. ಒಳ್ಳೆಯ ಕಾಳು ಊರಿನ ಅಂಗಡಿಗಳಲ್ಲೇ ಸಿಗುತ್ತದೆ. ಮೆಣಸನ್ನೇ ನೆಚ್ಚಿರುವ ಒಂದು ತಿನಿಸಿಗೆ ಇವರು ಬಳಸಿದ್ದು ಘಮವೆಲ್ಲ ಆರಿಹೋಗಿ ಬರೀ ಬೂದಿಬಣ್ಣ ಉಳಿದ ಹಳೆಯ ಪುಡಿ. ಆಗಷ್ಟೇ ಜಜ್ಜಿ ಹಾಕಿದ್ದರೆ ಆ ವೈಟ್ ಸಾಸಿಗೂ ಒಂದಿಷ್ಟು ಜೀವ ಬರುತ್ತಿತ್ತು.

ಪಿಜ್ಜಾ ಈ ಹೋಟೆಲಿನ ಹೆಮ್ಮೆ. ಸೌದೆ ಒಲೆಯನ್ನು ಗಿರಾಕಿಗಳಿಗೆ ಕಾಣುವಂತೆ ಕಟ್ಟಿದ್ದಾರೆ, ಮಕ್ಕಳು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ನೇಪಲ್ಸ್‌ನ ಪಿಜ್ಜಾ ಮಾಡುವ ಕಲೆಯನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಪದ್ಧತಿಯಲ್ಲಿ ಒಲೆ 450 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿರುತ್ತದೆ, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೆಂದು ಹೊರಬರುತ್ತದೆ. ಅಷ್ಟು ಕಾವಿನಲ್ಲಿ ಮಾತ್ರ ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ, ಒಳಗಿನ ತೇವ ಆರುವುದಿಲ್ಲ. ಇಲ್ಲಿ ಎರಡು ಸೌದೆ ತುಂಡು ಒಂದು ಮೂಲೆಯಲ್ಲಿ ಹೊಗೆಯಾಡುತ್ತಿದ್ದವು. ನಮ್ಮ ಮಾರ್ಗರಿಟಾ ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಒಲೆಯೊಳಗೇ ಇತ್ತು. ಒಂದು ತುಂಡು ಎತ್ತಿದರೆ ಅಂಚು ಬಿಸ್ಕತ್ತಿನ ಹಾಗೆ ಮುರಿಯಿತು, ನಡುಭಾಗ ಟೊಮೆಟೊ ರಸದಲ್ಲಿ ತೊಯ್ದು ಜೋತುಬಿತ್ತು. ತಿರುಗಿಸಿ ನೋಡಿದಾಗ ತಳದಲ್ಲಿ ಒಂದೂ ಕಂದು ಕಲೆ ಇರಲಿಲ್ಲ, ಸುರಿದ ಮೈದಾಹಿಟ್ಟು ಬಿಳಿಯಾಗಿ ಹಾಗೆಯೇ ಅಂಟಿಕೊಂಡಿತ್ತು.

ಹಿಟ್ಟು ಹುದುಗಿರಲಿಲ್ಲ ಎಂಬುದೂ ಮೊದಲ ತುತ್ತಿಗೇ ತಿಳಿಯಿತು. ಮೈದಾ, ನೀರು, ಉಪ್ಪು, ಯೀಸ್ಟ್ ಕಲಸಿದ ಕಣಕ ಎಂಟು ಗಂಟೆಯಾದರೂ ಸುಮ್ಮನಿರಬೇಕು. ದೋಸೆಹಿಟ್ಟನ್ನು ಆತುರದಲ್ಲಿ ಹುಯ್ದರೆ ಏನಾಗುತ್ತದೆಂದು ನಮ್ಮ ಯಾವ ಮನೆಯಲ್ಲೂ ವಿವರಿಸಬೇಕಾಗಿಲ್ಲ. ಯೀಸ್ಟ್ ಹೆಚ್ಚು ಸುರಿದು ಒಂದೆರಡು ಗಂಟೆಯಲ್ಲಿ ಉಬ್ಬಿಸಿದ ಕಣಕಕ್ಕೆ ಯೀಸ್ಟಿನ ವಾಸನೆಯೇ ಮುಂದಾಗಿ ಗೋಧಿಯ ರುಚಿ ಹಿಂದೆ ಬೀಳುತ್ತದೆ. ಅಂದು ರಾತ್ರಿ ಮನೆಯವರೆಲ್ಲರಿಗೂ ಹೊಟ್ಟೆ ಭಾರವಾಗಿ ನೀರಡಿಕೆ ಹತ್ತಿತ್ತು. ಮಾರ್ಗರಿಟಾದ ಮೇಲೆ ತುಳಸಿಯ ಬಳಗದ ಬೇಸಿಲ್ ಎಲೆ ಇರಬೇಕಾದಲ್ಲಿ ಒಣ ಆರಿಗಾನೊ ಉದುರಿಸಿದ್ದರು.

ಅಮ್ಮನಿಗಾಗಿ ನಾವು ಕೇಳಿದ ಒಂದು ಪ್ರಶ್ನೆಗೆ ಸಿಕ್ಕ ಉತ್ತರ ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಂಭೀರವಾದದ್ದು. ಅವರು ಮೊಟ್ಟೆಯನ್ನೂ ತಿನ್ನದ ಕಟ್ಟಾ ಸಸ್ಯಾಹಾರಿ. ಮೆನುವಿನಲ್ಲಿ ಒಂದು ತರಕಾರಿ ಪಾಸ್ತಾದ ಎದುರು ಹಸಿರು ಗುರುತೂ ಇದೆ, "ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸ್" ಎಂಬ ವಿವರಣೆಯೂ ಇದೆ. ಆ ಹೆಸರಿನ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿಯೇ ಹಾಲು ಒಡೆದು ಮಾಡಬೇಕೆಂಬುದು ಅದರ ನಿಯಮ. ಹಾಗಾದರೆ ಚೀಸಿನ ಹೆಸರು ಸುಳ್ಳಾಗಿರಬೇಕು, ಇಲ್ಲವೇ ಹಸಿರು ಗುರುತು ಸುಳ್ಳಾಗಿರಬೇಕು. ವಿಚಾರಿಸಿದಾಗ, "ಚೀಸ್ ಅಂದ್ರೆ ಹಾಲಿಂದೇ ಅಲ್ವಾ ಅಮ್ಮ, ಪ್ಯೂರ್ ವೆಜ್ಜೇ" ಎಂದು ಸಮಾಧಾನ ಹೇಳಿದರೇ ಹೊರತು ಪ್ಯಾಕೆಟ್ ತಂದು ತೋರಿಸಲಿಲ್ಲ. ಸೂಕ್ಷ್ಮಾಣುಗಳಿಂದ ಪಡೆದ ರೆನೆಟ್ ಹಾಕಿದ ಸಸ್ಯಾಹಾರಿ ಗಟ್ಟಿ ಚೀಸ್ ನಮ್ಮ ದೇಶದಲ್ಲೇ ಸಿಗುತ್ತದೆ. ಅದನ್ನು ಬಳಸಿ, ಅದನ್ನೇ ಮೆನುವಿನಲ್ಲಿ ಬರೆದರೆ ಯಾರಿಗೂ ನಷ್ಟವಿಲ್ಲ. ನಂಬಿಕೆಯಿಟ್ಟು ಬರುವ ಹಿರಿಯರ ಆಹಾರದ ವಿಷಯದಲ್ಲಿ ಅಂದಾಜಿನ ಉತ್ತರ ಕೊಡುವುದು ಸಲ್ಲದು. ಅಮ್ಮ ಅಂದು ಬರೀ ಸೂಪ್ ಕುಡಿದರು.

ಆ ಸೂಪ್ ಮಾತ್ರ ಚೆನ್ನಾಗಿತ್ತು. ಬೀನ್ಸ್, ಕ್ಯಾರೆಟ್, ಸೆಲರಿ, ಬೆಂದ ಅವರೆಯಂಥ ಬಿಳಿ ಕಾಳು ಹಾಕಿದ ಮಿನೆಸ್ಟ್ರೋನೆ ಬಿಸಿಯಾಗಿ, ತರಕಾರಿಯ ಸಿಹಿ ಉಳಿದು, ಹದವಾದ ಉಪ್ಪಿನಲ್ಲಿ ಬಂದಿತು. ಗಾರ್ಲಿಕ್ ಬ್ರೆಡ್ ಕೂಡ ಪ್ರತಿ ಸಲವೂ ಗರಿಗರಿಯಾಗಿತ್ತು. ರಿಸೊಟ್ಟೊ ಬಗ್ಗೆ ಹೆಚ್ಚು ಬರೆಯಲು ಏನೂ ಇಲ್ಲ. ಅದು ಅನ್ನಕ್ಕೆ ವೈಟ್ ಸಾಸ್ ಕಲಸಿದ್ದು.

ಊಟದ ಕೊನೆಗೆ ಬಂದ ತಿರಮಿಸು ಮತ್ತು ಕಾಫಿ ಈ ಊರಿನವನಾದ ನನ್ನನ್ನು ನಿಜಕ್ಕೂ ನೋಯಿಸಿದವು. ತಿರಮಿಸು ಎಂದರೆ ಗಟ್ಟಿ ಕಾಫಿಯಲ್ಲಿ ಅದ್ದಿದ ಸವೊಯಾರ್ಡಿ ಬಿಸ್ಕತ್ತು, ಮೊಟ್ಟೆಯ ಜೊತೆ ಹದಮಾಡಿದ ಮಸ್ಕರ್ಪೊನೆ ಚೀಸ್, ಮೇಲೆ ಕೋಕೊ ಪುಡಿ. ಇಲ್ಲಿ ಬೇಕರಿಯ ಸ್ಪಂಜ್ ಕೇಕು, ಅದರ ಮೇಲೆ ಬಾಯಿಗೆ ಜಿಡ್ಡು ಹತ್ತುವ ಸಿಹಿ ಕ್ರೀಮು ಇದ್ದವು. ಅವನ್ನೂ ಒಪ್ಪಿಕೊಳ್ಳಬಹುದಿತ್ತು. ಆದರೆ ಕಾಫಿಯ ಜಾಗದಲ್ಲಿ ನೀರಿಗೆ ಕಲಸಿದ ಇನ್‌ಸ್ಟಂಟ್ ಪುಡಿ ಹಾಕಿದ್ದರು. ಕೇಕಿನ ಒಂದು ಮೂಲೆಯಲ್ಲಿ ಕರಗದ ಪುಡಿ ಗಂಟಾಗಿ ಉಳಿದಿತ್ತು. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ, ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿಯೂ ಒಂದು, ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಿಗೆ ನಮ್ಮ ರೊಬಸ್ಟಾ ಸೇರುತ್ತದೆ. ಬೀಜ ಹುರಿದು ಪುಡಿಮಾಡಿ ಕೊಡುವ ಅಂಗಡಿಗಳು ಊರ ತುಂಬ ಇರುವಾಗ, ಇಟಲಿಗೂ ನಮಗೂ ನೇರ ನಂಟಿರುವ ಒಂದೇ ಪದಾರ್ಥವನ್ನು ಇಷ್ಟು ಅಸಡ್ಡೆಯಿಂದ ಬಳಸಿರುವುದು ನನಗೆ ಅರಗಲಿಲ್ಲ.

ಎಸ್ಪ್ರೆಸೊ ಯಂತ್ರ ದುಬಾರಿಯದೇ ಇದೆ. ಸಾಮಾನ್ಯವಾಗಿ ಒಂದು ಎಸ್ಪ್ರೆಸೊ ಇಳಿಯಲು 25ರಿಂದ 30 ಸೆಕೆಂಡು ಬೇಕು. ನಮ್ಮ ಲೋಟಕ್ಕೆ ಅದು ಕೊಳಾಯಿ ತಿರುಗಿಸಿದಂತೆ ಸುರಿದುಬಿಟ್ಟಿತು. ಪುಡಿ ತೀರ ದಪ್ಪಗಿದ್ದರೆ, ಇಲ್ಲವೇ ಸರಿಯಾಗಿ ಅದುಮದಿದ್ದರೆ ಹೀಗಾಗುತ್ತದೆ. ಮೇಲೆ ನೊರೆಯಿಲ್ಲ, ಕುಡಿದರೆ ಹುಳಿ.

ಹುಡುಗರ ನಡವಳಿಕೆಯಲ್ಲಿ ದೂರುವಂಥದ್ದೇನೂ ಇಲ್ಲ. ಎಲ್ಲರೂ ವಿನಯದಿಂದ ಮಾತನಾಡುತ್ತಾರೆ, ಜಾಗ ಚೊಕ್ಕಟವಾಗಿದೆ. ಮ್ಯಾನೇಜರ್ ಬಳಿ ಅಡುಗೆಯ ಮಾತು ತೆಗೆದಾಗ ಅವರು ಕೂತು ಕೇಳಿದರು, ಪ್ರವಾಸಿಗರು ವೈಟ್ ಸಾಸನ್ನೇ ಕೇಳುತ್ತಾರೆ ಎಂದರು. ಕೇಳಿದವರಿಗೆ ಅದನ್ನು ಕೊಡಲಿ. ಕಾರ್ಬೊನಾರಾ ಎಂದು ಬರೆದು ಅದನ್ನೇ ಕೊಡುವುದು ಬೇಡ ಎಂದು ಅವರಿಗೂ ಹೇಳಿ ಬಂದಿದ್ದೇನೆ. ಒಲೆಗೆ ಇನ್ನಷ್ಟು ಸೌದೆ, ಹಿಂದಿನ ರಾತ್ರಿಯೇ ಕಲಸಿಟ್ಟ ಕಣಕ, ಉಪ್ಪು ಹಾಕಿದ ನೀರು, ಊರಿನ ಕಾಫಿ, ಇಷ್ಟು ಮಾಡಿದರೂ ಈ ಹೋಟೆಲಿನ ಊಟ ಗುರುತು ಸಿಗದಷ್ಟು ಸುಧಾರಿಸುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಅಲ್ಲಿಯವರೆಗೆ ಹೋಗುವವರು ಮಿನೆಸ್ಟ್ರೋನೆ ಮತ್ತು ಗಾರ್ಲಿಕ್ ಬ್ರೆಡ್ ತರಿಸಿಕೊಂಡರೆ ಸಾಕು.

ಬಿಲ್ಲನ್ನು ಮಾತ್ರ ಸಾಲುಸಾಲಾಗಿ ಓದಿ. ನಮ್ಮದರಲ್ಲಿ ಶೇ. 5ರ ಜಿಎಸ್‌ಟಿ ಅಲ್ಲದೆ ಶೇ. 10ರ ಸೇವಾ ಶುಲ್ಕವನ್ನೂ ಕೇಳದೆಯೇ ಸೇರಿಸಿದ್ದರು. ಹೋಟೆಲುಗಳು ಹೀಗೆ ತಾವಾಗಿಯೇ ಸೇವಾ ಶುಲ್ಕ ಹಾಕಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದನ್ನು ಹೇಳಿದ ಮೇಲೆ ವಾದವಿಲ್ಲದೆ ಆ ಮೊತ್ತ ತೆಗೆದು ಹೊಸ ಬಿಲ್ ಕೊಟ್ಟರು. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.