ಕೊಲೆ ರಹಸ್ಯದ ಊಟ: ಪೆಟ್ಟಿಗೆ ಆಟವೋ, ನಾಟಕ ತಂಡವೋ?

ಊಟದ ನಡುವೆ ಒಂದು ಸುಳ್ಳುಸುಳ್ಳೇ ಕೊಲೆ, ಕೊಲೆಗಾರ ಯಾರೆಂದು ಅತಿಥಿಗಳೇ ಪತ್ತೆಹಚ್ಚಬೇಕು: ಇದೇ ಕೊಲೆ ರಹಸ್ಯದ ಊಟ. ಅತಿಥಿಗಳು 10ರೊಳಗಿದ್ದರೆ ಪೆಟ್ಟಿಗೆ ಆಟ, ಅಂದರೆ ಪಾತ್ರ, ಸುಳಿವುಗಳ ಚೀಟಿಗಳು ಸಿದ್ಧವಾಗಿ ಬರುವ ಪೆಟ್ಟಿಗೆ, ಸಾಕು. 40 ದಾಟಿದರೆ ತಂಡವೇ ಬೇಕು. ತಲೆನೋವು ನಡುವಿನವರಿಗೆ.

ಪೆಟ್ಟಿಗೆ ಆಟದಲ್ಲಿ ಅತಿಥಿಗಳೇ ಪಾತ್ರಧಾರಿಗಳು. ಬ್ರಿಟನ್ನಿನಲ್ಲಿ 1949ರಲ್ಲಿ ಮಾರಾಟಕ್ಕೆ ಬಂದ, ಕೊಲೆಗಾರನನ್ನು ಪತ್ತೆಹಚ್ಚುವ ಬೋರ್ಡ್ ಆಟ ಕ್ಲೂಡೊ ಆಡಿದವರಿಗೆ ಸುಳಿವು ಜೋಡಿಸುವ ಲೆಕ್ಕ ಹೊಸದಲ್ಲ. ಪಾತ್ರದ ಚೀಟಿಗಳನ್ನು ವಾರ ಮೊದಲೇ ಹಂಚಿ. ಖರ್ಚು ಕಡಿಮೆ, ಆದರೆ ಕೊಲೆಗಾರನ ಪಾತ್ರದವರೇ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ಆಟ ಅಲ್ಲಿಗೇ ಮುಗಿಯಿತು. ಆ ಚೀಟಿ ಮನೆಯವರ ಕೈಯಲ್ಲೇ ಇರಲಿ.

ತಂಡವಾದರೆ ಐದಾರು ನಟರು ಮೇಜುಗಳ ನಡುವೆ ಓಡಾಡುತ್ತಾರೆ; ಅತಿಥಿಗಳು ಪ್ರಶ್ನೆ ಕೇಳಿದರಾಯಿತು, ಸಂಕೋಚದವರಿಗೂ ಕಷ್ಟವಿಲ್ಲ. ಇಲ್ಲಿ ಎಡವುವುದು ನಟನೆಯಲ್ಲಲ್ಲ, ಬಡಿಸುವುದರಲ್ಲಿ. ಸೂಪಿನ ಬಟ್ಟಲು ಎತ್ತುವ ಹೊತ್ತಿಗೇ ವಿಷದ ಸೀಸೆಯ ಮಾತು ಬಂದರೆ ಚಮಚಗಳ ಸದ್ದಿನಲ್ಲಿ ಯಾರಿಗೂ ಕೇಳಿಸದು. ಬಫೆಯಂತೂ ಬೇಡವೇ ಬೇಡ: ಅರ್ಧ ಜನ ಪಲಾವಿನ ಸಾಲಿನಲ್ಲಿ ನಿಂತಿರುವಾಗಲೇ ಇತ್ತ ಹೆಣ ಬಿದ್ದಿರುತ್ತದೆ! ಮೇಜಿಗೆ 8 ಜನ, ಬಡಿಸಿ ಮುಗಿದ ಮೇಲೆ 15 ನಿಮಿಷದ ದೃಶ್ಯ, ಆಮೇಲೆ ಮುಂದಿನ ತಿನಿಸು. ಇದನ್ನು ಅಡುಗೆಯವರ ಜೊತೆ ಮೊದಲೇ ಗೊತ್ತುಮಾಡಿಕೊಳ್ಳಿ.

ಮುಂಗಡ ಕೊಡುವ ಮೊದಲು ತಂಡದವರನ್ನು ಕೇಳಿ: ಒಬ್ಬ ನಟನಿಗೆ ಹುಷಾರು ತಪ್ಪಿದರೆ ಬದಲಿ ಯಾರು? ಉತ್ತರ ತಡವರಿಸಿದರೆ ಬೇರೆ ತಂಡ ನೋಡಿ.