ಎಟಿಪಿ ಒಡೆಯುವ ಮೂರು ಕಿಣ್ವಗಳು: ಒಡೆದ ಮೇಲೆ ಏನು ಉಳಿಯುತ್ತೆ?

ಎಟಿಪಿ ಅಂದರೆ ಕೋಶದ ಶಕ್ತಿಯ ಅಣು, ಮೂರು ಫಾಸ್ಫೇಟ್ ಇರುವಂಥದ್ದು. ಒಂದು ಕಳಚಿದರೆ ಎಡಿಪಿ, ಇನ್ನೊಂದೂ ಹೋದರೆ ಎಎಂಪಿ. ಜೀವಕೋಶದ ಹೊರಗಿನ ಎಟಿಪಿಯನ್ನು ತೆಗೆಯಬೇಕು ಅಂದರೆ ಲ್ಯಾಬಿನಲ್ಲಿ ಮೊದಲು ಕೈ ಹೋಗುವುದು ಆಲೂಗಡ್ಡೆಯಿಂದ ತೆಗೆದ ಅಪಿರೇಸ್ ಅನ್ನುವ ಕಿಣ್ವದ ಕಡೆಗೆ. ನಾನೂ ವರ್ಷಗಟ್ಟಲೆ ಅದನ್ನೇ ಬಳಸಿದ್ದೇನೆ. ಈಚೆಗೆ ಅದರ ಪಕ್ಕದಲ್ಲಿ ಇನ್ನೆರಡನ್ನು ಇಟ್ಟು ನೋಡಿದೆ: ರಿಕಾಂಬಿನಂಟ್ (ಜೀನ್ ಬಳಸಿ ಲ್ಯಾಬಿನಲ್ಲಿ ತಯಾರಿಸಿದ) ಮಾನವ ಸಿಡಿ39 ಮತ್ತು ಅದೇ ಕುಟುಂಬದ ಎನ್‌ಟಿಪಿಡೇಸ್2. ಸಿಡಿ39 ನಮ್ಮ ದೇಹದಲ್ಲಿ ಎರಡೂ ತುದಿಗಳಿಂದ ಕೋಶದ ಪೊರೆಯಲ್ಲಿ ನೆಟ್ಟುಕೊಂಡಿರುತ್ತೆ. ನನ್ನ ಟ್ಯೂಬಿನಲ್ಲಿದ್ದದ್ದು ಪೊರೆಯ ಹೊರಗಿನ ಭಾಗ ಮಾತ್ರ, ನೀರಿನಲ್ಲಿ ಕರಗುವಂಥದ್ದು.

ಮೊದಲು ಲೂಸಿಫೆರೇಸ್ ಪರೀಕ್ಷೆ, ಎಟಿಪಿ ಬಳಸಿ ಬೆಳಕು ಹೊಮ್ಮಿಸುವ ಕಿಣ್ವದ್ದು. ಎಟಿಪಿ ಎಷ್ಟಿದೆಯೋ ಅಷ್ಟು ಬೆಳಕು. ಮೂರು ಕಿಣ್ವಗಳೂ ಬೆಳಕನ್ನು ಇಳಿಸಿದವು. ಇಲ್ಲಿಗೇ ನಿಲ್ಲಿಸಿದ್ದರೆ ಯಾವುದಾದರೂ ಸರಿ ಅಂದುಕೊಳ್ಳುತ್ತಿದ್ದೆ. ಆದರೆ ಎಟಿಪಿ ಹೋದ ಜಾಗದಲ್ಲಿ ಏನು ಬಂತು ಅಂತ ಲೂಸಿಫೆರೇಸ್ ಹೇಳಲ್ಲ ಅಲ್ವಾ?

ಅದಕ್ಕೇ ಎಚ್‌ಪಿಎಲ್‌ಸಿಗೆ ಹಾಕಿದೆ. ಇದು ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ಒಂದೊಂದನ್ನೂ ಗ್ರಾಫಿನಲ್ಲಿ ಒಂದೊಂದು ಶಿಖರವಾಗಿ ತೋರಿಸುವ ಯಂತ್ರ. ಸಿಡಿ39 ಇದ್ದ ಮಾದರಿಯಲ್ಲಿ ಆರಂಭದಲ್ಲಿ ಎಡಿಪಿ ಸ್ವಲ್ಪ ತಲೆ ಎತ್ತಿತು, ಆಮೇಲೆ ಅದೂ ಕರಗಿ ಎಎಂಪಿ ಮಾತ್ರ ಉಳಿಯಿತು. ಎಎಂಪಿಯನ್ನು ಇದು ಮುಟ್ಟುವುದಿಲ್ಲ. ಅದನ್ನು ಅಡೆನೋಸಿನ್ ಮಾಡಲು ಸಿಡಿ73 ಅನ್ನುವ ಇನ್ನೊಂದು ಕಿಣ್ವ ಬೇಕು. ಎನ್‌ಟಿಪಿಡೇಸ್2 ಕತೆ ಬೇರೆ. ಎಟಿಪಿ ಶಿಖರ ಇಳಿದ ಹಾಗೆ ಎಡಿಪಿ ಶಿಖರ ಏರಿತು, ಏರಿ ಅಲ್ಲೇ ನಿಂತಿತು. ಅದಕ್ಕೆ ಎಟಿಪಿ ಮೇಲೆ ಒಲವು ಜಾಸ್ತಿ, ಎಡಿಪಿಯನ್ನು ಒಡೆಯುವುದು ತೀರಾ ಕಡಿಮೆ. ಆಲೂಗಡ್ಡೆಯದ್ದು ಯಾವ ತಳಿಯಿಂದ ಬಂದಿದೆ ಅನ್ನುವುದರ ಮೇಲೆ ನಿಂತಿದೆ. ಒಂದು ಬಗೆ ಎಟಿಪಿ, ಎಡಿಪಿ ಎರಡನ್ನೂ ಹೆಚ್ಚುಕಡಿಮೆ ಸಮನಾಗಿ ಒಡೆಯುತ್ತೆ, ಇನ್ನೊಂದು ಎಟಿಪಿಯನ್ನು ಸುಮಾರು 10 ಪಟ್ಟು ಜಾಸ್ತಿ. ಲೇಬಲ್ ಓದದೆ ತರಿಸಬೇಡಿ.

ಈ ಎಡಿಪಿ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಪ್ಲೇಟ್‌ಲೆಟ್‌ಗಳು ಕಣ್ಣಿಗೆ ಕಾಣುವ ಹಾಗೆ ತೋರಿಸಿದವು. ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಿದರೆ ಹೊಗೆ ಸುಳಿದಂತೆ ಮಿನುಗುತ್ತೆ. ಎಡಿಪಿ ಬಿದ್ದ ಕೂಡಲೇ ಅವು ಒಂದಕ್ಕೊಂದು ಅಂಟಿಕೊಂಡು ಸಣ್ಣ ಸಣ್ಣ ಉಂಡೆ ಕಟ್ಟುತ್ತವೆ, ಮಬ್ಬು ದ್ರವ ತಿಳಿಯಾಗುತ್ತೆ. ಸಿಡಿ39 ಮೊದಲೇ ಹಾಕಿಟ್ಟ ಟ್ಯೂಬಿನಲ್ಲಿ ಉಂಡೆ ಗಟ್ಟಿಯಾಗಲೇ ಇಲ್ಲ. ಶುರುವಾದ ಹಾಗೆ ಕಂಡು ಬಿಚ್ಚಿಕೊಂಡಿತು. ಇದನ್ನು ಆರನ್ ಮಾರ್ಕಸ್ ಮತ್ತು ಜೊತೆಗಾರರು 1998ರಲ್ಲೇ ತೋರಿಸಿದ್ದರು. ಆದರೂ ನನ್ನ ಮುಂದೆಯೇ, ದ್ರವ ಎಷ್ಟು ತಿಳಿಯಾಯಿತು ಅಂತ ತೋರಿಸುವ ಗ್ರಾಫಿನ ಗೆರೆ ಏರಿ ಹಿಂದಕ್ಕೆ ಇಳಿದಾಗ ಆದ ಖುಷಿಯೇ ಬೇರೆ. ಎನ್‌ಟಿಪಿಡೇಸ್2 ಇದ್ದ ಟ್ಯೂಬಿನಲ್ಲಿ ಏನೂ ತಡೆ ಆಗಲಿಲ್ಲ. ಬರೀ ಎಟಿಪಿ ಹಾಕಿದಾಗ ಸುಮ್ನೆ ಇದ್ದ ಪ್ಲೇಟ್‌ಲೆಟ್‌ಗಳು ಈ ಕಿಣ್ವವನ್ನೂ ಸೇರಿಸಿದಾಗ ನಿಧಾನವಾಗಿ ಗುಂಪುಗೂಡಿದವು. ಕಿಣ್ವವೇ ಎಡಿಪಿ ತಯಾರಿಸಿ ಕೊಟ್ಟಿತ್ತು.

ಕಿಣ್ವದ ಚುರುಕನ್ನು ಹೇಳುವ ಯೂನಿಟ್ ಲೆಕ್ಕದಲ್ಲಿ ಎಚ್ಚರ ಬೇಕು. ಆಲೂಗಡ್ಡೆ ಅಪಿರೇಸ್‌ನ ಯೂನಿಟ್ಟನ್ನು ಸಾಮಾನ್ಯವಾಗಿ ಪಿಎಚ್ 6.5, 30 ಡಿಗ್ರಿಯಲ್ಲಿ ಅಳೆದಿರುತ್ತಾರೆ. ನಮ್ಮ ಪ್ರಯೋಗ ನಡೆಯುವುದು 7.4ರಲ್ಲಿ, 37 ಡಿಗ್ರಿಯಲ್ಲಿ. ಹಾಗಾಗಿ ಲೇಬಲ್ ನಂಬದೆ ಮೂರನ್ನೂ ನನ್ನ ಬಫರಿನಲ್ಲೇ ಮ್ಯಾಲಕೈಟ್ ಗ್ರೀನ್ ಬಣ್ಣದ ಪರೀಕ್ಷೆಯಿಂದ ಅಳೆದು ಸಮ ಮಾಡಿಕೊಂಡೆ. ಮೊದಲ ಸಲ ಅಭ್ಯಾಸಬಲದಿಂದ ಪಿಬಿಎಸ್ ಅನ್ನುವ ಫಾಸ್ಫೇಟ್ ಬಫರಿನಲ್ಲಿ ಕರಗಿಸಿದ್ದೆ. ಬಣ್ಣ ಹಾಕಿದ್ದೇ ತಡ, ಕಿಣ್ವವೇ ಇಲ್ಲದ ವೆಲ್‌ಗಳೂ ಕಡು ಹಸಿರಾದವು. ಈ ಪರೀಕ್ಷೆ ಅಳೆಯುವುದೇ ಫಾಸ್ಫೇಟನ್ನು, ಪಿಬಿಎಸ್ ತುಂಬ ಇರುವುದೂ ಅದೇ. ಫಾಸ್ಫೇಟ್ ಇಲ್ಲದ ಟ್ರಿಸ್ ಬಫರ್ ಬಳಸಿ.

ಪ್ಲೇಟ್‌ಲೆಟ್ ತೊಳೆಯುವಾಗ ನನಗೆ ಈಗಲೂ ಆಲೂಗಡ್ಡೆಯದ್ದೇ ಸಾಕು. ಅಗ್ಗ, ಲೀಟರ್‌ಗಟ್ಟಲೆ ಬಫರಿಗೆ ಧಾರಾಳವಾಗಿ ಹಾಕಬಹುದು. ಕೋಶಗಳ ಜೊತೆ ಗಂಟೆಗಟ್ಟಲೆ ಇಡಬೇಕಾದರೆ, ಅದರಲ್ಲೂ ಎಡಿಪಿ ಉಳಿಯಲೇಬಾರದು ಅನ್ನುವ ಕಡೆ, ದುಬಾರಿಯಾದರೂ ಸಿಡಿ39. ಗಿಡದ ಬೇರೆ ಪ್ರೋಟೀನ್‌ಗಳು ಬೆರೆತಿರಬಹುದು ಅನ್ನುವ ಅನುಮಾನವೂ ಇರಲ್ಲ. ಎನ್‌ಟಿಪಿಡೇಸ್2 ಅನ್ನು ಎಡಿಪಿಯೇ ಬೇಕಾದ ಪ್ರಯೋಗಕ್ಕೆ ಎತ್ತಿಟ್ಟಿದ್ದೇನೆ.

ಮೂರಕ್ಕೂ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಬೇಕೇ ಬೇಕು, ಹಾಗಾಗಿ ಇವನ್ನು ಹಿಡಿದಿಟ್ಟುಕೊಳ್ಳುವ ಇಡಿಟಿಎ ಹಾಕಿದ ರಕ್ತದಲ್ಲಿ ಪ್ರಯತ್ನಿಸಬೇಡಿ. ಪ್ರತಿ ಸಲ ಹೋಲಿಕೆಗೆ ಕುದಿಸಿ ಕೆಡಿಸಿದ ಕಿಣ್ವದ ಒಂದು ಟ್ಯೂಬನ್ನೂ ಪಕ್ಕದಲ್ಲಿ ಓಡಿಸಿ.